ಕಿಟಕಿ ಪಕ್ಕದ ಮೀನು

ಬೀಗರು ನಾಲ್ಕು ತಿಂಗಳ ಮಟ್ಟಿಗೆ ನಮ್ಮ ಮನೆಯಲ್ಲಿ ಬಂದು ಇರುತ್ತಾರೆ ಎಂಬ ಸುದ್ದಿಯನ್ನು ನನ್ನ ಹೆಂಡತಿ ನನಗೆ ತಿಳಿಸಿದ್ದು ನಾನು ಬಾಯಿ ತುಂಬ ನೀರು ತುಂಬಿಕೊಂಡು ಮುಕ್ಕಳಿಸುತ್ತಿದ್ದಾಗ. ಇದು ಅವಳ ಹಳೆಯ ಪದ್ಧತಿ. ನಾನು ಮಾತಾಡಲಾಗದ ಗಳಿಗೆಯನ್ನು ಕಾದು ಕೂತು ಸುದ್ದಿ ಒಗೆಯುತ್ತಾಳೆ. ನಾನು ಉಗಿದು, ಬಾಯಿ ಒರೆಸಿ, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸುದ್ದಿ ಹೋಗಿ ತೀರ್ಮಾನವಾಗಿರುತ್ತದೆ.

"ಅವರ ಮನೆ ಮೇಲೆ ಇನ್ನೊಂದು ಅಂತಸ್ತು ಏಳ್ತಾ ಇದೆಯಂತೆ ಕಣ್ರೀ. ಎಲ್ಲಿ ನೋಡಿದ್ರೂ ಧೂಳು. ಪಾಪ, ಒಂಟಿ ಮನುಷ್ಯ. ಧಾರಾಳವಾಗಿ ಬರ್ಲಿ ಅಂದೆ. ನೀವೂ ಅದನ್ನೇ ಅಂತಿದ್ರಿ, ಅಲ್ವಾ?"

ನಾನು ನೀರನ್ನು ಉಗಿಯಲಿಲ್ಲ. ನುಂಗಿದೆ.

ಬೀಗರು ಎಂದರೆ ನನ್ನ ಸೊಸೆಯ ತಂದೆ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅಗಲ ಹಣೆ, ಸದಾ ನೀಲಿ ಅಂಗಿ, ಎದೆಯ ಮೇಲೆ ಈಗಲೂ ಚೀಲ ತೂಗುತ್ತಿದೆಯೇನೋ ಎಂಬಂತೆ ಸ್ವಲ್ಪ ಮುಂದಕ್ಕೆ ಬಾಗಿದ ನಡಿಗೆ. ಮನುಷ್ಯ ಕೆಟ್ಟವರಲ್ಲ. ಆದರೆ ನಲವತ್ತು ಜನ ಹಿಡಿಸುವ ಗಾಡಿಯಲ್ಲಿ ತೊಂಬತ್ತು ಜನರನ್ನು ಜಡಿದವರಿಗೆ ಜಗತ್ತಿನ ಯಾವ ಜಾಗವೂ ತುಂಬಿದಂತೆ ಕಾಣುವುದೇ ಇಲ್ಲ. ಮದುವೆಯ ಸಮಯದಲ್ಲಿ ಎರಡು ದಿನ ನಮ್ಮಲ್ಲಿದ್ದರು. ಮೊದಲ ದಿನ ಬೆಳಿಗ್ಗೆ "ಸ್ವಲ್ಪ ಸರೀರಿ ಬೀಗರೇ" ಅಂದರು. ಸರಿದೆ. ಮತ್ತೆ "ಇನ್ನೊಂಚೂರು" ಅಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ನನ್ನ ಬೆತ್ತದ ಕುರ್ಚಿಯಲ್ಲಿದ್ದರು, ನಾನು ಚಪ್ಪಲಿ ಗೂಡಿನ ಪಕ್ಕದ ಮಣೆಯ ಮೇಲಿದ್ದೆ.

ಆ ಕುರ್ಚಿ, ಆ ಮೂಲೆ ಅಂದರೆ ಏನೆಂದು ನಿಮಗೆ ಹೇಳಬೇಕು. ನಡುಮನೆಯ ಕಿಟಕಿಯ ಮೂಲೆ ಅದು. ತಲೆಯ ಮೇಲೆ ನೇರಕ್ಕೆ ಫ್ಯಾನು. ಕೈ ಚಾಚಿದರೆ ರೇಡಿಯೊ. ಕತ್ತು ಹೊರಳಿಸಿದರೆ ಬೀದಿಯ ಎರಡೂ ತುದಿ. ಯಾರ ಮನೆಗೆ ಯಾರು ಬಂದರು, ಯಾವ ಮೋರೆ ಹಾಕಿಕೊಂಡು ಹೋದರು ಎಂಬುದೆಲ್ಲ ನನ್ನ ಗಮನಕ್ಕೆ ಬಂದೇ ಮುಂದಕ್ಕೆ ಹೋಗಬೇಕು. ಮನೆ ಪರಊರಿನಲ್ಲಿ ಕೆಲಸದಲ್ಲಿರುವ ಮಗನ ಹೆಸರಿನಲ್ಲಿದೆ, ಅಡುಗೆಮನೆ ಹೆಂಡತಿಯ ಕೈಯಲ್ಲಿದೆ. ನನ್ನದು ಅಂತ ಈ ಭೂಮಂಡಲದಲ್ಲಿ ಉಳಿದಿರುವುದು ಆ ಮೂರು ಅಡಿ ಜಾಗ. ಅದನ್ನೂ ಬಿಟ್ಟುಕೊಡುವುದೇ?

ಬೀಗರಿಗೆ ಇನ್ನೊಂದು ಕುರ್ಚಿ ಹಾಕಬಹುದಾದ ಜಾಗ ನನ್ನ ಕುರ್ಚಿಯ ಮಗ್ಗುಲಲ್ಲೇ ಖಾಲಿ ಬಿದ್ದಿತ್ತು. ಅಲ್ಲಿ ಕುರ್ಚಿ ಬಿತ್ತೋ, "ಸ್ವಲ್ಪ ಸರೀರಿ" ಶುರು. ಆದ್ದರಿಂದ ಆ ಖಾಲಿ ಜಾಗವನ್ನು ಸರಿಸಲು ಆಗದ ಯಾವುದಾದರೂ ವಸ್ತುವಿನಿಂದ ಭರ್ತಿ ಮಾಡಬೇಕು. ಬೀರು ಇಟ್ಟರೆ ಹೆಂಡತಿಗೆ ಅನುಮಾನ ಬರುತ್ತದೆ. ಯೋಚಿಸಿ ಯೋಚಿಸಿ ತಲೆ ಕಾದು, ಸಂತೆಬೀದಿಯಲ್ಲಿ ಹೋಗುತ್ತಿದ್ದಾಗ ಒಂದು ಅಂಗಡಿಯ ಗಾಜಿನೊಳಗಿಂದ ಒಂದು ಮೀನು ನನ್ನನ್ನು ನೋಡಿ ಬಾಯಿ ತೆರೆಯಿತು. ಆ ಕ್ಷಣದಲ್ಲೇ ನನಗೆ ಜ್ಞಾನೋದಯವಾಯಿತು.

ಮೀನಿನ ತೊಟ್ಟಿ! ನೀರು ತುಂಬಿದ ಮೇಲೆ ಆನೆ ಬಂದರೂ ಅಲುಗಾಡಿಸಲಾಗದು.

"ಸೊಸೆ ಇಡೀ ದಿನ ಔಷಧಿ ಅಂಗಡಿಯಲ್ಲಿ ನಿಂತು ಬರ್ತಾಳೆ. ಮನೆಗೆ ಬಂದಾಗ ಕಣ್ಣಿಗೆ ತಂಪಾಗ್ಲಿ ಅಂತ," ಎಂದೆ ಮನೆಯಲ್ಲಿ.

ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೂವತ್ತೈದು ವರ್ಷದಲ್ಲಿ ನನ್ನ ಕಣ್ಣಿಗೆ ಒಂದು ತಂಪು ಕನ್ನಡಕ ತರ್ಲಿಲ್ಲ ನೀವು."

"ನಿನ್ನ ಕಣ್ಣಲ್ಲಿ ಮೊದಲೇ ಬೆಂಕಿ ಇದೆ, ತಂಪು ಎಲ್ಲಿ ನಿಲ್ಲುತ್ತೆ?" ಎಂದೆ. (ಈ ಮಾತನ್ನು ಹೊಗಳಿಕೆ ಅಂತ ಆಡಿದ್ದು. ಅವಳು ಹಾಗೆ ತೆಗೆದುಕೊಳ್ಳಲಿಲ್ಲ.)

ಸೊಸೆ ಮಾತ್ರ "ಥ್ಯಾಂಕ್ಸ್ ಮಾವ" ಅಂತ ನಕ್ಕಳು. ಆಮೇಲೆ, "ಯಾವ ಮೀನಿನ ಜೊತೆ ಯಾವುದು ಹೊಂದುತ್ತೆ ಅಂತ ಅಂಗಡಿಯವರನ್ನ ಕೇಳಿ ತನ್ನಿ. ಮಾತ್ರೆಗಳ ಹಾಗೇ ಅದು. ಒಂದೊಂದೇ ಇದ್ರೆ ಸಾಧು, ಎರಡು ಸೇರಿದ್ರೆ ಫಜೀತಿ," ಎಂದಳು.

ಹೊಂದಾಣಿಕೆಯ ಬಗ್ಗೆ ನನಗೆ ಪಾಠ! ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊರಬಂದವನು ನಿಜ. ಆದರೆ ಸಾವಿರ ಮೂಟೆ ಹಿಡಿಸುವ ಗೋದಾಮಿಗೆ ಇಪ್ಪತ್ತೆಂಟು ವರ್ಷ ಮೇಸ್ತ್ರಿಯಾಗಿದ್ದವನು. ಯಾವ ಸರಕಿನ ಪಕ್ಕ ಯಾವ ಸರಕು ಇಡಬೇಕು ಎಂಬುದು ನನ್ನ ರಕ್ತದಲ್ಲಿದೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ವಾಸನೆ ಬಿಡುವ ಸರಕನ್ನು ವಾಸನೆ ಹೀರುವ ಸರಕಿನ ಪಕ್ಕ ಇಡಬೇಡ. ಸೋಪಿನ ಪಕ್ಕ ಚಹಾಪುಡಿ ಇಟ್ಟ ಒಬ್ಬ ಮೇಸ್ತ್ರಿಯ ದೆಸೆಯಿಂದ ಇಡೀ ಊರು ಮೂರು ತಿಂಗಳು ನೊರೆ ಬರುವ ಚಹಾ ಕುಡಿಯಿತು. ಅವನನ್ನು ತೆಗೆದು ನನ್ನನ್ನು ಹಾಕಿದ್ದು.

ಓದು ಬರಹವೂ ನನಗೆ ಕಮ್ಮಿಯಿಲ್ಲ. ಪೊಟ್ಟಣ ಕಟ್ಟಿಬಂದ ಕಾಗದವನ್ನು ಓದದೆ ಎಸೆದವನೇ ಅಲ್ಲ ನಾನು. ವೈದ್ಯ, ಕಾನೂನು, ನಕ್ಷತ್ರಮಂಡಲ, ಜೇನುಸಾಕಣೆ, ಎಲ್ಲವನ್ನೂ ಪೊಟ್ಟಣದಿಂದಲೇ ಸಂಪಾದಿಸಿದವನು. ಆ ವಿದ್ಯೆಯಲ್ಲಿ ಒಂದೇ ಕೊರತೆ. ಪೊಟ್ಟಣದ ಕಾಗದ ಯಾವಾಗಲೂ ನಡುವಿಗೆ ಹರಿದಿರುತ್ತದೆ. ಹಾವು ಕಚ್ಚಿದರೆ ಮೊದಲು ಏನು ಮಾಡಬೇಕೆಂದು ನನಗೆ ಗೊತ್ತು. ಆಮೇಲೆ ಏನು ಮಾಡಬೇಕೆಂದು ಗೊತ್ತಿಲ್ಲ. ನನ್ನ ಸೊಸೆಯೋ, ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಡಿಸಿಟ್ಟ ಚೀಟಿಯನ್ನು ಇರುವೆ ಸಾಲಿನಂಥ ಅಕ್ಷರದ ಕೊನೆಯ ಸಾಲಿನವರೆಗೆ ಓದುವವಳು. ಪಾಪ, ಅಷ್ಟು ಓದಿ ಕಣ್ಣು ಹಾಳು ಮಾಡಿಕೊಳ್ಳುತ್ತಾಳಲ್ಲ ಅಂತ ನನಗೆ ಅವಳ ಮೇಲೆ ಕನಿಕರವಿತ್ತು.

ಅಂಗಡಿಯಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಮೂಸಿದೆ. ಎಲ್ಲ ಮೀನಿಗೂ ಒಂದೇ ವಾಸನೆ. ಅಂದ ಮೇಲೆ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ ಎಂದು ತೀರ್ಪು ಕೊಟ್ಟು, ಉದ್ದ ಬಾಲದ ಚಿನ್ನದ ಮೀನು ಎರಡು, ಹುಲಿಯಂತೆ ಪಟ್ಟೆಯಿದ್ದ ಚುರುಕು ಮೀನು ಆರು, ಬಾವುಟದಂತೆ ಚಪ್ಪಟೆಯಾಗಿ ನಿಂತ ಗಂಭೀರ ಮೀನು ಎರಡು, ಸೂಜಿಯಷ್ಟೇ ಇರುವ ನೀಲಿ ಹೊಳಪಿನ ಮರಿಗಳು ಹನ್ನೆರಡು ಆರಿಸಿದೆ.

"ಯಜಮಾನ್ರೇ, ಇವೆಲ್ಲ ಒಂದೇ ತೊಟ್ಟಿಗಾ?" ಎಂದ ಅಂಗಡಿಯವನು.

"ಯಾಕಪ್ಪಾ, ಜಾಗ ಸಾಲ್ದಾ?"

"ಜಾಗ ಸಾಲುತ್ತೆ..." ಎಂದು ಅವನು ರಾಗ ಎಳೆದ. ಎಳೆದ ರಾಗವನ್ನು ನಾನು ಮುಗಿಸಲು ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಹೆಂಡತಿಯ ಕೂಗಿಗೆ ಎದ್ದೆ.

"ರೀ! ಈ ಕೆಂಪು ಮೀನಿನ ಬಾಲ ಎಲ್ರೀ?"

ನೋಡಿದರೆ ಚಿನ್ನದ ಮೀನುಗಳ ರೇಷ್ಮೆ ಸೆರಗಿನಂಥ ಬಾಲಗಳು ಹಳೇ ಪೊರಕೆಯ ಹಾಗಾಗಿದ್ದವು. ಹುಲಿಪಟ್ಟೆಯ ಆರು ಪೋಕರಿಗಳು ಸರದಿಯ ಮೇಲೆ ಹೋಗಿ ಒಂದೊಂದು ಬಾಯಿ ಕಚ್ಚಿ ಬರುತ್ತಿದ್ದವು. ನೀಲಿ ಮರಿಗಳ ತಲೆ ಎಣಿಸಿದೆ. ಏಳು. ಮತ್ತೆ ಎಣಿಸಿದೆ. ಆರೂವರೆ. (ಉಳಿದ ಅರ್ಧ ಗಂಭೀರ ಮೀನಿನ ಬಾಯಿಂದ ಹೊರಗೆ ಕಾಣುತ್ತಿತ್ತು. ಆ ಗಾಂಭೀರ್ಯದ ಅರ್ಥ ನನಗೆ ಆಗ ಹೊಳೆಯಿತು.)

"ಗೋದಾಮಿನಲ್ಲೂ ಹೀಗೇ ಮಾಲು ಕಮ್ಮಿಯಾಗ್ತಿತ್ತಾ?" ಎಂದಳು ಹೆಂಡತಿ.

"ಗೋದಾಮಿನಲ್ಲಿ ಒಂದು ಮೂಟೆ ಇನ್ನೊಂದು ಮೂಟೆನ ತಿಂತಿರ್ಲಿಲ್ಲ ಕಣೇ," ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ.

ಉಳಿದುಕೊಂಡವರನ್ನೆಲ್ಲ ಬಕೆಟ್ಟಿನಲ್ಲಿ ಹಾಕಿಕೊಂಡು ಅಂಗಡಿಗೆ ಹೊತ್ತೆ. ಅಂಗಡಿಯವನು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. "ತಪ್ಪೇನಿಲ್ಲ ಬಿಡಿ ಯಜಮಾನ್ರೇ, ಎಲ್ರೂ ಒಂದ್ಸಲ ಹಿಂಗೇ ಮಾಡ್ತಾರೆ," ಎಂದು ಒಂದು ಅಚ್ಚಾದ ಹಾಳೆ ಕೈಗಿಟ್ಟ. ಮೇಲೆ ದಪ್ಪಕ್ಷರದಲ್ಲಿ 'ತೊಟ್ಟಿಯಲ್ಲಿ ಹೊಂದಾಣಿಕೆ' ಎಂದಿತ್ತು. "ಪೂರ್ತಿ ಓದಿ, ಆಮೇಲೆ ಮೀನು ಒಯ್ಯಿ."

ಜೊತೆಗಾರರಿಂದಲೇ ಜಗಳವಾದರೆ ಜೊತೆಯೇ ಬೇಡ ಅಂತ ನಾನು ಒಂದೇ ಒಂದು ಮೀನು ತಂದೆ. ಅಂಗೈಯಗಲದ್ದು, ಬೂದು ಮೈಗೆ ಕಪ್ಪು ಅಡ್ಡಪಟ್ಟೆ. ಜೈಲಿನವರ ಬಟ್ಟೆಯಂತೆ ಕಾಣುವುದರಿಂದ ಅದನ್ನು ಖೈದಿ ಮೀನು ಅನ್ನುತ್ತಾರೆ ಎಂದ ಅಂಗಡಿಯವನು. ಖೈದಿ ತೊಟ್ಟಿಗಿಳಿದವನೇ ನೇರ ಎಡಗಡೆಯ ಮೂಲೆಗೆ ಹೋಗಿ, ಅಲ್ಲಿ ಬೋರಲು ಹಾಕಿದ್ದ ಮಣ್ಣಿನ ಕುಡಿಕೆಯ ಮುಂದೆ ನಿಂತ. ನೀರಿನ ಗುಳ್ಳೆ ಏಳುವುದು ಅಲ್ಲೇ. ಬೆಳಕು ಬೀಳುವುದೂ ಅಲ್ಲೇ. ಕಿಟಕಿಯಾಚೆಯ ಬೀದಿಯೂ ಅಲ್ಲಿಂದಲೇ ಕಾಣುತ್ತದೆ.

"ಥೇಟ್ ನಿಮ್ಮ ಹಾಗೇ," ಎಂದಳು ಹೆಂಡತಿ.

ನಾನು ಹೆಮ್ಮೆಯಿಂದ ಒಪ್ಪಿಕೊಂಡೆ. ಹೀಗೆ ನಾವಿಬ್ಬರೂ ಅಕ್ಕಪಕ್ಕ, ಅವನು ನೀರಲ್ಲಿ, ನಾನು ಬೆತ್ತದ ಕುರ್ಚಿಯಲ್ಲಿ.

ಹಾಳೆಯನ್ನೂ ಓದಿದೆ. ಬಾಯಿಗೆ ಹಿಡಿಸುವಷ್ಟು ಚಿಕ್ಕದಾದ ಮೀನು ಬಾಯಿಗೇ ಹೋಗುತ್ತದೆ ಎಂದಿತ್ತು (ಇದು ಈಗ ಹೇಳಬೇಕೇ?). ಚಳಿ ನೀರಿನ ಮೀನನ್ನೂ ಬಿಸಿ ನೀರಿನ ಮೀನನ್ನೂ ಕೂಡಿಸಬೇಡಿ ಎಂದಿತ್ತು. ಕೆಲವು ಮೀನುಗಳು ಒಂದು ಮೂಲೆಯನ್ನು ತಮ್ಮದು ಮಾಡಿಕೊಂಡು ಬಂದವರನ್ನೆಲ್ಲ ಓಡಿಸುತ್ತವೆ ಎಂದಿತ್ತು. ಅಷ್ಟು ಓದುವಾಗ ತೊಟ್ಟಿಯ ಸ್ಟ್ಯಾಂಡು ಒಂದು ಕಾಲಿನ ಕಡೆ ಕೊಂಚ ವಾಲಿರುವುದು ಕಣ್ಣಿಗೆ ಬಿತ್ತು. ಹಾಳೆಯ ಕೆಳಗಿನ ಅರ್ಧವನ್ನು ಹರಿದು, ಮಡಿಸಿ ಮಡಿಸಿ ಆ ಕಾಲಿನ ಅಡಿಗೆ ಒತ್ತಿದೆ. ನನ್ನ ಕೈಯಲ್ಲಿ ಉಳಿದ ಅರ್ಧದ ಕೊನೆಯ ಸಾಲು ಹೀಗಿತ್ತು: 'ಇಂಥ ಹಳೆಯ ಮೀನು ಇರುವ ತೊಟ್ಟಿಗೆ ಹೊಸ ಮೀನನ್ನು ಬಿಡಬೇಕಾದರೆ ಮೊದಲು...'

ಮೊದಲು ಏನು ಎಂದು ಓದುವ ಅಗತ್ಯ ಕಾಣಲಿಲ್ಲ. ಬಿಡಬಾರದು ಅಂತ ತಾನೇ? ಈ ಅರ್ಧ ಹಾಳೆಯನ್ನು ಊಟದ ಹೊತ್ತಿನಲ್ಲಿ ಹೆಂಡತಿ ಮುಂದೆ ಓದಿ ಹೇಳಿದೆ.

"ನೋಡು, ಅಚ್ಚಾಗಿ ಬಂದಿದೆ. ಮೂಲೆ ಹಿಡಿದವನು ಮೂಲೆ ಬಿಡೋದಿಲ್ಲ. ಅದು ಪ್ರಕೃತಿ. ಈಗ ಬೀಗರು ಬರ್ತಾರೆ. ಅವರನ್ನ ಎಲ್ಲಿ ಕೂರಿಸೋಣ ಹೇಳು? ನಡುಮನೆಯಲ್ಲಿ ಜಾಗ ಎಲ್ಲಿದೆ? ತೊಟ್ಟಿ ಬಂತಲ್ಲ!"

"ಹೂಂ, ತೊಟ್ಟಿ ಬಂತು," ಎಂದಳು. "ಸೊಸೆಯ ಕಣ್ಣು ತಂಪು ಮಾಡೋಕೆ."

ಅವಳೂ ಬಡಿಸುತ್ತಿದ್ದ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟವನ್ನು ನಾನು ಸೋಲಿನ ನೋಟವೆಂದು ಬಗೆದೆ.

ಬೀಗರು ಬರಲು ಹತ್ತು ದಿನವಿದೆ ಎನ್ನುವಾಗ ಸೊಸೆ ಕೆಲಸದಿಂದ ಬರುತ್ತ ಇನ್ನೊಂದು ಮೀನು ತಂದಳು. ಖೈದಿಯಷ್ಟೇ ದೊಡ್ಡದು. ಅಗಲ ಹಣೆ, ಮೈತುಂಬ ನೀಲಿ ಚುಕ್ಕೆ. ನನಗೆ ಯಾಕೋ ಆ ಮೋರೆಯನ್ನು ಎಲ್ಲೋ ನೋಡಿದಂತಾಯಿತು.

"ಒಂದೇ ಮೀನು ಬೇಜಾರು ಮಾಡಿಕೊಳ್ಳುತ್ತೆ ಮಾವ."

"ಅದೇನೂ ಬೇಜಾರು ಮಾಡ್ಕೊಳ್ಳಲ್ಲಮ್ಮ. ಅದಕ್ಕೆ ನಾನಿದ್ದೀನಿ."

ಬಿಟ್ಟೇ ಬಿಟ್ಟಳು. ಖೈದಿ ಕುಡಿಕೆಯ ಮುಂದಿನಿಂದ ಬಾಣದಂತೆ ಹೊರಟು ಬಂದವನೇ ರೆಕ್ಕೆ ಕೆದರಿ, ಕಿವಿರು ಉಬ್ಬಿಸಿ, ನೀಲಿಯವನನ್ನು ತೊಟ್ಟಿಯ ಇನ್ನೊಂದು ತುದಿಗೆ ಅಟ್ಟಿದ. ನನ್ನ ಎದೆ ಉಬ್ಬಿತು. "ಶಭಾಷ್!" ಎಂದೆ. ನೀಲಿಯವನನ್ನು ಸೊಸೆ ಜಾಲರಿಯಲ್ಲಿ ಹಿಡಿದು ಪಾತ್ರೆಯೊಂದಕ್ಕೆ ಹಾಕಿದಳು.

"ಹಾಳೆಯಲ್ಲಿ ಅದನ್ನೇ ಹೇಳಿದೆ ಕಣಮ್ಮ. ಅವನನ್ನ ವಾಪಸ್ ಕೊಟ್ಟು ಬಾ."

"ಕೊಡೋಣ ಮಾವ. ಹಾಳೆಯ ಇನ್ನರ್ಧ ಎಲ್ಲಿ?"

"ಅದರಲ್ಲಿ ಏನೂ ಇರ್ಲಿಲ್ಲ," ಎಂದೆ.

ಆಮೇಲೆ ನಡೆದದ್ದು ನನಗೆ ವಿಸ್ಮಯ. ಮಾರನೆಯ ದಿನ ನಾನು ಕ್ಷೌರ ಮಾಡಿಸಿಕೊಂಡು ಬರುವಷ್ಟರಲ್ಲಿ ನೀಲಿಯವನು ತೊಟ್ಟಿಯಲ್ಲಿದ್ದ, ಖೈದಿಯೂ ಇದ್ದ. ಇಬ್ಬರೂ ಹಳೇ ಸ್ನೇಹಿತರಂತೆ ಮೆಲ್ಲಗೆ ತಿರುಗಾಡುತ್ತಿದ್ದರು. ಖೈದಿಯ ಮೋರೆಯಲ್ಲಿ ಮಾತ್ರ, ತಪ್ಪು ಊರಿನ ನಿಲ್ದಾಣದಲ್ಲಿ ಇಳಿದವನ ಕಳೆ. ಗಮನಿಸಿ ನೋಡಿದೆ. ಎಡಗಡೆಯಿದ್ದ ಕುಡಿಕೆ ಬಲಗಡೆಗೆ ಹೋಗಿತ್ತು. ಕಲ್ಲುಗಳು ಕದಲಿದ್ದವು. ಗಿಡ ನಡುವಿಗೆ ಬಂದಿತ್ತು.

"ಯಾರದು ಕುಡಿಕೆ ಸರಿಸಿದ್ದು?" ಎಂದು ಗದರಿದೆ.

"ತೊಳೆಯೋಕೆ ತೆಗೆದಿದ್ದೆ ಮಾವ. ಎಲ್ಲಿತ್ತು ಅಂತ ಮರೆತುಹೋಯ್ತು," ಎಂದಳು ಸೊಸೆ. ಸ್ಟ್ಯಾಂಡಿನ ಕಾಲಿನ ಅಡಿಯಲ್ಲಿ ನನ್ನ ಕಾಗದವಿರಲಿಲ್ಲ. ಅದರ ಬದಲು ಕೆಮ್ಮಿನ ಔಷಧಿ ಡಬ್ಬಿಯ ರಟ್ಟು ಮಡಿಸಿ ಇಟ್ಟಿತ್ತು. ಕಾಗದಕ್ಕಿಂತ ರಟ್ಟು ಗಟ್ಟಿ, ಹುಡುಗಿಗೆ ಬುದ್ಧಿಯಿದೆ ಎಂದುಕೊಂಡೆ. ಮೀನುಗಳು ರಾಜಿಯಾದದ್ದಕ್ಕೆ ನನ್ನ ಸಾನ್ನಿಧ್ಯವೇ ಕಾರಣವೆಂದು ಬೀದಿಯಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಬಂದೆ.

ಆ ವಾರದಲ್ಲೇ ಹೆಂಡತಿ ಅಡುಗೆಮನೆಯ ಹಿಂದಿನ ಸಾಮಾನು ಕೋಣೆಯನ್ನು ಗುಡಿಸಿ, ಜೇಡ ತೆಗೆದು, ಚಾಪೆ ಹಾಸಿ, ಮೇಲೊಂದು ಹಾಸಿಗೆ ಬಿಚ್ಚಿದಳು. ಕಿಟಕಿಯಿಲ್ಲದ ಕೋಣೆ. ಬಾಗಿಲ ಹಿಂದೆ ನೀರಿನ ಬಕೆಟ್ಟುಗಳು.

"ಇದು ಯಾರಿಗೆ?" ಎಂದು ಕೇಳಿದೆ, ಗೊತ್ತಿಲ್ಲದವನಂತೆ.

"ಬೇಕಾಗಬಹುದು," ಎಂದಳು.

ನನಗೆ ಒಳಗೊಳಗೇ ಸಕ್ಕರೆ ತಿಂದಂತಾಯಿತು. ತೊಟ್ಟಿಯ ತಂತ್ರ ಫಲಿಸಿತು! ಬೀಗರು ನಾಲ್ಕು ತಿಂಗಳು ಬಕೆಟ್ಟುಗಳಿಗೆ ಟಿಕೆಟ್ ಹರಿಯಲಿ. "ದಿಂಬು ಇನ್ನೊಂದು ಹಾಕು, ಪಾಪ," ಎಂದು ಔದಾರ್ಯವನ್ನೂ ತೋರಿದೆ. ಅವಳು ಹಾಕಿದಳು. ಹಾಕುವಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಧೂಳಿಗೆ ಎಂದುಕೊಂಡೆ.

ಬೀಗರು ಬರುವ ದಿನ ಬೆಳಿಗ್ಗೆ ಎದ್ದರೆ ಮನೆಯಲ್ಲಿ ನನಗೆ ರಾಜೋಪಚಾರ. ತಟ್ಟೆ ತುಂಬ ತಿಂಡಿ. ಮುಗಿಸುವ ಮೊದಲೇ ಇನ್ನೊಂದು ಸುತ್ತು. ಅದರ ಮೇಲೆ ಸಿಹಿ. ವೈದ್ಯರು ಬೇಡ ಅಂದಿದ್ದ ತುಪ್ಪವೂ ಕಣ್ಣಿಗೆ ಕಾಣುವಷ್ಟು.

"ಇನ್ನೊಂದು ಸೌಟು ಹಾಕ್ಲಾ ಮಾವ?" ಎಂದಳು ಸೊಸೆ.

"ಏನಮ್ಮ ಇವತ್ತು ಸಮಾಚಾರ?"

"ಹೊಟ್ಟೆ ತುಂಬಿದ್ರೆ ಒಳ್ಳೇದು ಮಾವ. ಕೋಪ ಬರೋದಿಲ್ಲ."

ನಾನ್ಯಾಕೆ ಕೋಪಿಸಿಕೊಳ್ಳಲಿ ಎಂದು ತೇಗಿದೆ. ಆಮೇಲೆ ಹೆಂಡತಿ ಊರಿನ ಆ ತುದಿಯ ಅಂಗಡಿಯಿಂದ ಸೂಜಿ, ಈ ತುದಿಯ ಅಂಗಡಿಯಿಂದ ದಾರ ತರಲು ಕಳಿಸಿದಳು. ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವಲ್ಲ ಎಂಬ ಯೋಚನೆ ತುಪ್ಪ ತಿಂದ ತಲೆಗೆ ಬರಲಿಲ್ಲ.

ಎರಡು ಗಂಟೆ ಸುತ್ತಿ ಬಂದೆ. ಜಗುಲಿಯ ಮೇಲೆ ಬೀಗರು ಕೂತಿದ್ದರು. ಪಕ್ಕದಲ್ಲಿ ಟ್ರಂಕು, ಕೈಯಲ್ಲಿ ಖಾಲಿ ಲೋಟ.

"ಏನ್ ಬೀಗರೇ, ಹೊರಗೇ ಕೂತಿದ್ದೀರಿ?"

"ಅರ್ಧ ಗಂಟೆ ಆಯ್ತು ಬೀಗರೇ! ಮಗಳು ಒಳಗೆ ಬಿಡ್ತಾ ಇಲ್ಲ. 'ಇಲ್ಲೇ ಕೂತು ಮನೆಯ ಗಾಳಿಗೆ ಹೊಂದಿಕೊಳ್ಳಿ ಅಪ್ಪಾ' ಅಂತಾಳೆ. ಹತ್ತು ನಿಮಿಷಕ್ಕೊಂದ್ಸಲ ಬಂದು ಒಂದು ಲೋಟ ನಿಮ್ಮ ಮನೆ ನೀರು ಕುಡಿಸಿ ಹೋಗ್ತಾಳೆ. ಹೊಟ್ಟೆ ಕುಲುಕ್ತಿದೆ."

"ಬನ್ನಿ ಬನ್ನಿ," ಎಂದು ಗೆದ್ದವನ ಗತ್ತಿನಲ್ಲಿ ಒಳಗೆ ಕಾಲಿಟ್ಟೆ. ಇಟ್ಟವನು ಅಲ್ಲೇ ನಿಂತೆ.

ಪರದೆಗಳನ್ನೆಲ್ಲ ಎಳೆದು ಮಬ್ಬು ಮಾಡಿದ್ದರು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ಇದು ನಮ್ಮ ನಡುಮನೆಯೇ ಅಲ್ಲ. ತೊಟ್ಟಿಯೊಂದು ಮಾತ್ರ ಇದ್ದಲ್ಲೇ ಇತ್ತು. ನನ್ನ ಬೆತ್ತದ ಕುರ್ಚಿ ಚಪ್ಪಲಿ ಗೂಡಿನ ಜಾಗದಲ್ಲಿ. ಚಪ್ಪಲಿ ಗೂಡು ಬಾಗಿಲಾಚೆ. ರೇಡಿಯೊ ಬೀರುವಿನ ತಲೆಯ ಮೇಲೆ. ಬೀರು ಎದುರು ಗೋಡೆಗೆ. ಕಿಟಕಿಯ ಮೂಲೆಯಲ್ಲಿ, ತೊಟ್ಟಿಗೆ ಎದುರಾಗಿ, ಒಳಕೋಣೆಯ ಉದ್ದನೆಯ ಬೆಂಚು. ನಾನು ಎರಡು ಹೆಜ್ಜೆ ಎಡಕ್ಕೆ ಹೋದೆ. ಅಲ್ಲಿ ನನ್ನದು ಏನೂ ಇರಲಿಲ್ಲ. ಬಲಕ್ಕೆ ಬಂದೆ. ಮೇಜಿಗೆ ಮೊಣಕಾಲು ಬಡಿಯಿತು. ಬೀಗರಿಗೆ ಯಾವ ಜಾಗ ಬಿಟ್ಟುಕೊಡಬಾರದು ಎಂದು ಹದಿನೈದು ದಿನ ಸಂಕಲ್ಪ ಮಾಡಿದ್ದೆನೋ ಆ ಜಾಗವೇ ಎಲ್ಲೂ ಸಿಗುತ್ತಿಲ್ಲ. ನಡುಮನೆಯ ಮಧ್ಯೆ ನಿಂತು ಬಾಯಿ ತೆರೆದೆ, ಮುಚ್ಚಿದೆ. ಮತ್ತೆ ತೆರೆದೆ.

ತೊಟ್ಟಿಯೊಳಗಿಂದ ಖೈದಿಯೂ ನನ್ನನ್ನು ನೋಡಿ ಬಾಯಿ ತೆರೆದು ಮುಚ್ಚಿದ. ಅವನಿಗೆ ಎಲ್ಲ ಗೊತ್ತಿತ್ತು.

"ಏನೇ ಇದು?" ಎಂದು ಕೂಗಬೇಕೆಂದಿದ್ದೆ. ತುಪ್ಪ ತಿಂದ ಹೊಟ್ಟೆಯಿಂದ ಕೂಗು ಮೇಲೇಳಲಿಲ್ಲ.

"ಗುಡಿಸೋಕೆ ಅಂತ ತೆಗೆದ್ವಿ ಕಣ್ರೀ," ಎಂದಳು ಹೆಂಡತಿ. "ಯಾವುದು ಎಲ್ಲಿತ್ತು ಅಂತ ಮರೆತೇ ಹೋಯ್ತು."

ಸೊಸೆ ತಲೆ ತಗ್ಗಿಸಿಕೊಂಡು, ಮಡಿಕೆ ಬಿದ್ದ ಒಂದು ಕಾಗದವನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಓಡಿದಳು. ಸ್ಟ್ಯಾಂಡಿನ ಕಾಲಿನ ಗುರುತು ಅದರ ಮೇಲೆ ಮುದ್ರೆಯಂತೆ ಒತ್ತಿತ್ತು. ಮಬ್ಬು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಓದಿದೆ:

'...ಹಳೆಯ ಮೀನಿಗೆ ಹೊಟ್ಟೆ ತುಂಬ ಆಹಾರ ಹಾಕಿ. ಹೊಸ ಮೀನನ್ನು ಅರ್ಧ ಗಂಟೆ ಚೀಲದಲ್ಲೇ ತೇಲಿಸಿ, ತೊಟ್ಟಿಯ ನೀರನ್ನು ಆಗಾಗ ಸ್ವಲ್ಪ ಸ್ವಲ್ಪವೇ ಬೆರೆಸಿ ಹೊಂದಿಸಿ. ಬೆಳಕು ತಗ್ಗಿಸಿ. ತೊಟ್ಟಿಯೊಳಗಿನ ಕಲ್ಲು, ಗಿಡ, ಕುಡಿಕೆಗಳ ಸ್ಥಾನವನ್ನು ಬದಲಿಸಿ. ಆಗ ಹಳೆಯ ಮೀನಿಗೆ ತನ್ನ ಮೂಲೆ ಯಾವುದೆಂದು ತಿಳಿಯದೆ, ಜಗಳವಾಡಲು ಕಾರಣವಿಲ್ಲದಂತಾಗುತ್ತದೆ.'

ಅಷ್ಟರಲ್ಲಿ ಬೀಗರು ಹೋಗಿ ಕಿಟಕಿಯ ಪಕ್ಕ ಬೆಂಚಿನ ಮೇಲೆ ಕೂತಾಗಿತ್ತು. ನನಗೂ ಕೂರಲು ಬೇರೆ ಜಾಗ ತೋಚದೆ ಹೋಗಿ ಪಕ್ಕದಲ್ಲಿ ಕೂತೆ. ಅವರು ತೊಟ್ಟಿಯನ್ನು ನೋಡುತ್ತ, "ಆಹಾ, ಈ ನೀಲಿ ಚುಕ್ಕೆಯವನು ಎಷ್ಟು ಸಾಧು ಇದ್ದಾನೆ ಬೀಗರೇ. ಆ ಪಟ್ಟೆಯವನು ಯಾಕೆ ಹಂಗೆ ಪೆಚ್ಚಾಗಿದ್ದಾನೆ?" ಎಂದರು.

"ಅವನು ಹಳಬ," ಎಂದೆ.

ಹಾಳೆಯ ಕೆಳತುದಿಯಲ್ಲಿ ಇನ್ನೂ ಒಂದು ಸಾಲಿತ್ತು, ಇರುವೆಯಂಥ ಅಕ್ಷರದಲ್ಲಿ. ಜೀವನದಲ್ಲಿ ಮೊದಲ ಬಾರಿಗೆ ಒಂದು ಹಾಳೆಯನ್ನು ಕೊನೆಯವರೆಗೆ ಓದೋಣ ಎಂದು ಕಣ್ಣ ಹತ್ತಿರ ಹಿಡಿದೆ.

'ಇಷ್ಟಾದ ಮೇಲೂ ಹಳೆಯ ಮೀನು ಕಚ್ಚಿದರೆ, ಹೊಸ ಮೀನನ್ನು ತೆಗೆಯಬೇಡಿ. ಹಳೆಯದನ್ನೇ ತೆಗೆದು ಬಕೆಟ್ಟಿನಲ್ಲಿ ಬೇರೆ ಇಡಿ. ಬುದ್ಧಿ ಬಂದ ಮೇಲೆ ವಾಪಸ್ ಬಿಡಿ.'

ಅಡುಗೆಮನೆಯ ಹಿಂದಿನ ಕಿಟಕಿಯಿಲ್ಲದ ಕೋಣೆ ಕಣ್ಣ ಮುಂದೆ ಬಂತು. ಚಾಪೆ, ಹಾಸಿಗೆ, ಬಾಗಿಲ ಹಿಂದಿನ ಬಕೆಟ್ಟುಗಳು. ನಾನೇ ಕೇಳಿ ಹಾಕಿಸಿದ ಎರಡನೆಯ ದಿಂಬು.

"ಸ್ವಲ್ಪ ಸರೀರಿ ಬೀಗರೇ," ಎಂದರು ಬೀಗರು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಸರಿದೆ. ಕೇಳುವ ಮೊದಲೇ ಇನ್ನೊಂಚೂರು ಸರಿದೆ.